ಭಟ್ಟರ ಗಾಡಿಯ ಬಿಸಿ ಹ್ಯಾಂಡಲ್

ನಾನು ವೃತ್ತಿಯಲ್ಲಿ ಪುರೋಹಿತ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಕರೆಂಟು ಹರಿಸಿ ಬಿಸಿ ಮಾಡಿಕೊಂಡವನು ಯಾರೋ ಹಿಮಾಲಯ ಸುತ್ತುವ ಸಾಹಸಿ ಅಂತ ನೀವು ತಿಳಿದುಕೊಂಡೀರಿ. ನನ್ನ ಸಾಹಸವೆಲ್ಲ ಇಸಳೂರಿನಿಂದ ಶಿರಸಿಗೆ, ಶಿರಸಿಯಿಂದ ಹುಲೇಕಲ್ ಕಡೆಗೆ, ಅಲ್ಲಿಂದ ಮತ್ತೆ ಮನೆಗೆ. ಯಾರಾದರೂ ಕರೆದರೆ ಉಮ್ಮಚಗಿಯಲ್ಲಿ ಒಂದು ಗಣಹೋಮ, ಸಿದ್ದಾಪುರದಲ್ಲಿ ಒಂದು ಸತ್ಯನಾರಾಯಣ ಕಥೆ. ಗಾಡಿಯೂ ಯಜಮಾನನಿಗೆ ತಕ್ಕದ್ದೇ. ನೂರು ಸಿಸಿಯದು. ಹಿಂದಿನ ಮಾಲೀಕ ಹಾಲಿನ ಕ್ಯಾನು ಕಟ್ಟುತ್ತಿದ್ದನಂತೆ, ಅದಕ್ಕೆಂದು ಹಾಕಿಸಿದ ಕಬ್ಬಿಣದ ಚೌಕಟ್ಟು ಸೀಟಿನ ಹಿಂದೆ ಈಗಲೂ ಇದೆ. ಆ ಚೌಕಟ್ಟು ಈ ಕಥೆಯಲ್ಲಿ ಮುಂದೆ ಬರುತ್ತದೆ.

ವರ್ಷವಿಡೀ ನನ್ನ ಕೈಗಳು ಮಾಮೂಲಿ ಮನುಷ್ಯರ ಕೈಗಳೇ. ತೊಂದರೆ ಧನುರ್ಮಾಸದಲ್ಲಿ. ಆ ತಿಂಗಳಿಡೀ ಸೂರ್ಯ ಹುಟ್ಟುವ ಮೊದಲೇ ಪೂಜೆ ಆಗಬೇಕು, ಹೆಸರುಬೇಳೆ ಹುಗ್ಗಿ ನೈವೇದ್ಯ ಆಗಬೇಕು. ಹುಲೇಕಲ್ಲಿನಿಂದ ಸ್ವಲ್ಪ ಆಚೆ ಇರುವ ಸಣ್ಣ ದೇವಸ್ಥಾನವೊಂದರಲ್ಲಿ ಆ ಪೂಜೆ ನನ್ನದು. ಬೆಳಗಿನ ಜಾವ ಆ ರಸ್ತೆಯಲ್ಲಿ ಹೋಗುವಾಗ ಇಬ್ಬನಿ ಮುಖಕ್ಕೆ ಹೊಡೆದು ಮೀಸೆಯಿಂದ ತೊಟ್ಟಿಕ್ಕುತ್ತದೆ. ಬೆರಳುಗಳು ಮರಗಟ್ಟಿ, ಬ್ರೇಕು ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂಬುದೇ ತಿಳಿಯುವುದಿಲ್ಲ. ದೇವಸ್ಥಾನಕ್ಕೆ ಮುಟ್ಟಿ, ಬಾವಿಯ ನೀರು ಸೇದಿ ಇನ್ನೊಂದು ಸ್ನಾನ ಮಾಡಿದ ಮೇಲೆ ದೀಪ ಹಚ್ಚಬೇಕು. ಅಲ್ಲಿ ನನ್ನ ಮಾನ ಹೋಗುತ್ತಿತ್ತು. ಕಡ್ಡಿ ಗೀರಿದರೆ ಕಡ್ಡಿ ಮುರಿಯುತ್ತದೆ. ಇನ್ನೊಂದು ಗೀರಿದರೆ ಪೊಟ್ಟಣವೇ ಕೈಜಾರಿ ಒದ್ದೆ ನೆಲಕ್ಕೆ ಬೀಳುತ್ತದೆ. ವೇದ ಓದಿದ್ದೇನೆ, ನಾಲ್ಕು ಜನ ಕರೆಯುವಷ್ಟು ಜ್ಯೋತಿಷ್ಯ ಗೊತ್ತಿದೆ, ಒಂದು ಬೆಂಕಿಕಡ್ಡಿ ಗೀರಲು ಬರುವುದಿಲ್ಲ.

ಮೊಕ್ತೇಸರರ ತಾಯಿ ಪ್ರತಿದಿನ ನನಗಿಂತ ಮೊದಲು ಬಂದು ಪೌಳಿಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದರು. ಪಾಪ, ಏನೂ ಅನ್ನುತ್ತಿರಲಿಲ್ಲ. ಮುರಿದ ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿ ಬದಿಗಿಡುತ್ತಿದ್ದರು, ಅಷ್ಟೆ. ಅದಕ್ಕಿಂತ ಅವರು ಬೈದಿದ್ದರೇ ವಾಸಿಯಿತ್ತು.

ಕೈಗವಸು ಹಾಕಿಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಉಣ್ಣೆಯದು ಹಾಕಿದೆ. ಶಿರಸಿ ದಾಟುವಷ್ಟರಲ್ಲಿ ಇಬ್ಬನಿ ಕುಡಿದು ಒದ್ದೆ ಬಟ್ಟೆ ಸುತ್ತಿಕೊಂಡಂತಾಯಿತು. ಚರ್ಮದ್ದು ಬೆಚ್ಚಗಿರುತ್ತದೆ ಎಂದರು. ಚರ್ಮ ತೊಟ್ಟ ಕೈಯಲ್ಲಿ ದೇವರನ್ನು ಮುಟ್ಟುವುದು ಹೇಗೆ ಎಂದು ನಾನೇ ದೊಡ್ಡ ಪ್ರಶ್ನೆ ಎತ್ತಿ, ನಾನೇ ಬೇಡವೆಂದು ತೀರ್ಪು ಕೊಟ್ಟುಕೊಂಡೆ. ಆಮೇಲೆ ಖಾಲಿ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಎರಡೂ ಕೈಗೆ ಕಟ್ಟಿಕೊಂಡೆ. ದಾರಿಯುದ್ದಕ್ಕೂ ಪಟಪಟ ಸದ್ದಾಗಿ ಊರಿನ ನಾಯಿಗಳೆಲ್ಲ ಬೆನ್ನು ಹತ್ತಿದವು.

ಇಷ್ಟರ ನಡುವೆ ನನ್ನ ಮದುವೆಯಾಯಿತು. ನಮ್ಮ ಕಡೆ ಭಟ್ಟರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಎಲ್ಲರಿಗೂ ಗೊತ್ತು. ಊರಿನ ಮಕ್ಕಳಿಗೆಲ್ಲ ಮಂಟಪದಲ್ಲಿ ಕೂತು ಮಂತ್ರ ಹೇಳಿ ಮದುವೆ ಮಾಡಿಸಿದವನು ನಾನು. ಅವರ ಮಕ್ಕಳಿಗೆ ಉಪನಯನವನ್ನೂ ಮಾಡಿಸಿದೆ. ನನಗೆ ಮಾತ್ರ ಜಾತಕ ಕೂಡಿಬರಲಿಲ್ಲ. ಕೂಡಿಬಂದರೆ ಹುಡುಗಿ ಒಪ್ಪಲಿಲ್ಲ. ನಲವತ್ತು ದಾಟಿದ ಮೇಲೆ ಹಾವೇರಿ ಕಡೆಯ ಒಂದು ಮನೆಯಿಂದ ಸಂಬಂಧ ಬಂತು. ಹುಡುಗಿ ನರ್ಸು, ವಯಸ್ಸು ಮೂವತ್ತೈದರ ಮೇಲೆ, ತಂದೆ ಇಲ್ಲ. ನೋಡಲು ಹೋದಾಗ ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಮದುವೆಯಾದ ಮೇಲೂ ಕೆಲಸ ಮಾಡಬಹುದೇ ಎಂದು. ನಾನು ತಲೆಯಾಡಿಸಿದ ರಭಸಕ್ಕೆ ಕೈಯಲ್ಲಿದ್ದ ಚಹಾ ಪಂಚೆಯ ಮೇಲೆ ಚೆಲ್ಲಿತು. ಅವಳು ನಗಲಿಲ್ಲ. ಬಟ್ಟೆ ತಂದು ಕೊಟ್ಟಳು.

ವೈಶಾಖದಲ್ಲಿ ಮದುವೆ. ಶಿರಸಿಯ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಥೇಟರಿನಲ್ಲಿ, ಅವಳಿಗೆ ಕೆಲಸವಾಯಿತು. ಇಸಳೂರಿನ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಹೆಚ್ಚಾಗಿ ಅವಳದು ಬೆಳಗಿನ ಆರು ಗಂಟೆಯ ಪಾಳಿ. ಹಾಗಾಗಿ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ, ನನ್ನ ಪೂಜೆಗೋ ಹೋಮಕ್ಕೋ ಮುಂದೆ ಹೋಗುವುದು ನಿತ್ಯದ ಕ್ರಮವಾಯಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವುದನ್ನು ನಾನು ಎಷ್ಟು ವರ್ಷದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ ಎಂದು ಹೇಳಿದರೆ ನಗೆಪಾಟಲಾಗುತ್ತೇನೆ. ಕನ್ನಡಿಯನ್ನು ಅವಳ ಮುಖ ಕಾಣುವ ಹಾಗೆ ತಿರುಗಿಸಿಟ್ಟಿದ್ದೆ. ಹಿಂದಿನ ವಾಹನ ಕಾಣದೆ ಎರಡು ಸಲ ಬಸ್ಸಿನವರ ಬಾಯಿಗೆ ಸಿಕ್ಕಿದ್ದೂ ಆಯಿತು.

ಆದರೆ ಅವಳು ನನ್ನನ್ನು ಹಿಡಿದುಕೊಳ್ಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ನನ್ನ ಪೂಜೆಯ ಚೀಲ ಇಟ್ಟುಕೊಂಡು, ಕೈ ಹಿಂದಕ್ಕೆ ಚಾಚಿ ಆ ಹಾಲಿನ ಕ್ಯಾನಿನ ಕಬ್ಬಿಣ ಹಿಡಿದು ಕೂರುತ್ತಿದ್ದಳು. ಹೊಂಡ ಬಂದರೂ ಅಷ್ಟೇ, ತಿರುವು ಬಂದರೂ ಅಷ್ಟೇ. ಮನೆಯಲ್ಲಿ ಮಾತಾಡುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ನನ್ನ ಶಲ್ಯಗಳನ್ನು ನನಗಿಂತ ಚೆನ್ನಾಗಿ ಮಡಚುತ್ತಿದ್ದಳು. ಬೆಳಗ್ಗೆ ಗಾಡಿಯ ಹತ್ತಿರ ಬಂದಳೆಂದರೆ ಮಾತ್ರ ಬೇರೆ ಯಾರೋ ಆಗಿಬಿಡುತ್ತಿದ್ದಳು. ನಾನು ಕಾರಣ ಹುಡುಕಿದೆ. ವಯಸ್ಸಾದ ಗಂಡ ಅಂತಲೋ, ಭಟ್ಟನ ಹಿಂದೆ ಕೂತದ್ದಕ್ಕೆ ನಾಚಿಕೆಯೋ, ನನ್ನ ಮೈಗೆ ಹೋಮದ ಹೊಗೆಯ ವಾಸನೆಯೋ. ಒಂದು ವಾರ ಹೊಸ ಸೋಪು ಹಚ್ಚಿ ಮಿಂದು ನೋಡಿದೆ. ಕೈ ಕಬ್ಬಿಣದ ಮೇಲೆಯೇ ಇತ್ತು.

ದೀಪಾವಳಿಗೆ ತವರಿಗೆ ಹೋದವಳು ಒಂದು ಸುದ್ದಿ ಹೊತ್ತುಕೊಂಡು ಬಂದಳು. ಅವಳ ಊರಿನಲ್ಲಿ ಹೊಸ ಆಸ್ಪತ್ರೆ ಆಗುತ್ತಿದೆಯಂತೆ, ಕೆಲಸಕ್ಕೆ ಕರೆದಿದ್ದಾರಂತೆ, ಸಂಕ್ರಾಂತಿಯೊಳಗೆ ತಿಳಿಸಬೇಕಂತೆ. ಚಹಾದ ಲೋಟ ಕೈಯಲ್ಲಿ ಹಿಡಿದು, ಬೆರಳಿಗೆ ಬಾಯಿಯಿಂದ ಬಿಸಿ ಊದಿಕೊಳ್ಳುತ್ತ ಅವಳು ಹೇಳಿದ್ದು ಇಷ್ಟು:

"ಇಲ್ಲೆ ನನಗ ಹೊಂದತದೋ ಇಲ್ಲೋ ತಿಳೀವಲ್ದು. ಸಂಕ್ರಾಂತಿ ತನಕಾ ನೋಡ್ತೀನ್ರಿ."

ಆಮೇಲೆ ಏನು, ವಾರಕ್ಕೊಮ್ಮೆ ಬಸ್ಸು ಹತ್ತಿ ನಾನು ಹೆಂಡತಿಯನ್ನು ನೋಡಲು ಹೋಗುವುದೋ? ಅದನ್ನು ಕೇಳಲು ಧೈರ್ಯ ಬರಲಿಲ್ಲ. ನಲವತ್ತು ವರ್ಷ ಒಬ್ಬನೇ ಇದ್ದವನಿಗೆ ಆರು ತಿಂಗಳಲ್ಲಿ ಒಬ್ಬನೇ ಇರುವುದು ಮರೆತುಹೋಗಿತ್ತು. ನನಗೆ ಹೆದರಿಕೆಯಾಯಿತು. ಆದರೆ ಹೆದರಿದ ನನ್ನ ಬುದ್ಧಿ ನೇರ ದಾರಿಯಲ್ಲಿ ಓಡುವ ಪೈಕಿಯಲ್ಲ. ಅವಳು ಬೆರಳಿಗೆ ಬಿಸಿ ಊದಿಕೊಂಡದ್ದು ಕಣ್ಣಿಗೆ ಬಿದ್ದಿತ್ತಲ್ಲ, ಎಲ್ಲಕ್ಕೂ ಮೂಲ ಈ ಚಳಿಯೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಚಳಿಯೊಂದನ್ನು ಗೆದ್ದರೆ ಹೆಂಡತಿ ಉಳಿಯುತ್ತಾಳೆ.

ಅದೇ ವಾರ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡೆ. ಯಾವುದೋ ದೇಶ, ರಸ್ತೆಯ ಇಕ್ಕೆಲದಲ್ಲೂ ಹಿಮ. ಗಡ್ಡದವನೊಬ್ಬ ದೊಡ್ಡ ಗಾಡಿಯ ಮೇಲೆ ಬರಿಗೈಯಲ್ಲಿ ಹೋಗುತ್ತಿದ್ದಾನೆ, ನಗುತ್ತಲೂ ಇದ್ದಾನೆ. ಹ್ಯಾಂಡಲ್ಲಿನ ಹಿಡಿಕೆಯೊಳಗೆ ತಂತಿ ಇದೆಯಂತೆ, ಬ್ಯಾಟರಿಯಿಂದ ಬಿಸಿಯಾಗುತ್ತದಂತೆ. ಚರ್ಮವಿಲ್ಲ, ಮಡಿಗೆ ಧಕ್ಕೆಯಿಲ್ಲ, ಮೇಲಾಗಿ ಅಗ್ನಿ. ನನಗಾಗಿಯೇ ಮಾಡಿದಂತಿತ್ತು. ಆನ್‌ಲೈನಿನಲ್ಲಿ ತರಿಸಿದೆ.

ಹಿಡಿಕೆಯಿಂದ ಬಿಸಿಯಾಗುವುದು ಓಡಿಸುವವನ ಕೈ ತಾನೇ, ಹಿಂದೆ ಕೂತವಳಿಗೆ ಏನು ಬಂತು ಎಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೂ ಹೊಳೆದಿತ್ತು. ಅದಕ್ಕೊಂದು ಯೋಜನೆ ಹಾಕಿದ್ದೆ. ಆಸ್ಪತ್ರೆಯ ಗೇಟು ಮುಟ್ಟಿದ ಮೇಲೆ ನಾನು ಕೆಳಗಿಳಿಯುವುದು, ಎಂಜಿನ್ ಚಾಲೂ ಇಡುವುದು, ಅವಳು ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದು ಕೈ ಕಾಸಿಕೊಂಡು ಒಳಗೆ ಹೋಗುವುದು. ರಾತ್ರಿಯಿಡೀ ಯೋಚಿಸಿದರೂ ಇದರಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ.

ಶಿರಸಿಯ ಗ್ಯಾರೇಜಿನವನಿಗೆ ಕಂಡಿತು. ಹಿಡಿಕೆಗಳನ್ನು ಕೈಯಲ್ಲಿ ತಿರುಗಿಸಿ ನೋಡಿ, ನನ್ನ ಗಾಡಿಯನ್ನೂ ನೋಡಿ, "ಭಟ್ರೇ, ಲೈಟು ಬೇಕಾ, ಕೈ ಬಿಸಿ ಬೇಕಾ? ಈ ಬ್ಯಾಟ್ರಿ ಎರಡಕ್ಕೂ ಸಾಲೂದಿಲ್ಲ" ಅಂದ. ಎರಡೂ ಬೇಕು ಎಂದೆ. ನಿಂತಲ್ಲಿ ಮಾತ್ರ ಹಾಕಬೇಡಿ ಎಂದು ಹೇಳಿ ಕೂರಿಸಿಕೊಟ್ಟ. ನಿಂತಲ್ಲಿ ಹಾಕುವುದೇ ನನ್ನ ಯೋಜನೆಯ ಜೀವಾಳ ಎಂದು ಅವನಿಗೆ ಹೇಳಲು ಹೋಗಲಿಲ್ಲ.

ಧನುರ್ಮಾಸದ ಮೊದಲ ದಿನ ಉದ್ಘಾಟನೆ. ಹಿಡಿಕೆಗಳು ನಿಜವಾಗಿಯೂ ಬಿಸಿಯಾದವು. ಹೊಸದಾಗಿ ಬೆಂದ ಕಡುಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ ಹಾಗಿತ್ತು. ಹೆಡ್‌ಲೈಟು ಮಾತ್ರ ಹಳದಿಗೆ ತಿರುಗಿ, ರಸ್ತೆಯಲ್ಲಿ ನನ್ನ ಮುಂದಿನ ಚಕ್ರದಾಚೆ ಏನೂ ಕಾಣುತ್ತಿರಲಿಲ್ಲ. ಹೇಗೋ ಗೇಟು ಮುಟ್ಟಿದೆವು. ನಾನು ಇಳಿದು, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ನಾಟಕದ ಪರದೆ ಸರಿಸುವವನ ಗತ್ತಿನಲ್ಲಿ, ಹಿಡಿದುಕೋ ಎಂದೆ. ಅವಳು ನನ್ನ ಮುಖ ನೋಡಿದಳು, ಹ್ಯಾಂಡಲ್ ನೋಡಿದಳು, ಕುರ್ಚಿ ಹಾಕಿಕೊಂಡು ಕೂತಿದ್ದ ಗೇಟಿನ ಕಾವಲುಗಾರನನ್ನೂ ನೋಡಿದಳು. ಆಮೇಲೆ ಊಟದ ಚೀಲ ಹೆಗಲಿಗೇರಿಸಿ, ನಿಂತ ಗಾಡಿಯ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಪಂಚೆ ಉಟ್ಟ ಭಟ್ಟನೊಬ್ಬ ಕೈಕಟ್ಟಿ ಪಕ್ಕದಲ್ಲಿ ಕಾಯುತ್ತಿದ್ದಾನೆ, ನರ್ಸಮ್ಮ ಎಲ್ಲಿಗೂ ಹೋಗದ ಗಾಡಿ ಓಡಿಸುತ್ತಿದ್ದಾಳೆ. ಕಾವಲುಗಾರ ಕುರ್ಚಿಯನ್ನೇ ನಮ್ಮ ಕಡೆ ತಿರುಗಿಸಿಕೊಂಡ.

"ಬಿಸಿ ಅದರೀ," ಅಂದಳು ಅವಳು. ಒಳಗೆ ಹೋಗುವಾಗ ತುಟಿಯಂಚಿನಲ್ಲಿ ನಗುವಿತ್ತು ಎಂದು ನನಗೆ ಬಲವಾದ ಗುಮಾನಿ. ಆ ಖುಷಿಯಲ್ಲಿ ಗಾಡಿ ಹತ್ತುವಾಗ ಎಂಜಿನ್ ಸತ್ತಿತು. ಬ್ಯಾಟರಿ ಪೂರ್ತಿ ಇಳಿದಿತ್ತು. ಕಿಕ್ ಹೊಡೆದೆ, ಕಾವಲುಗಾರನೂ ಬಂದು ಹೊಡೆದ, ಕೊನೆಗೆ ಇಳಿಜಾರಿನ ತನಕ ತಳ್ಳಿಕೊಂಡು ಹೋದ ಮೇಲೆ ಶುರುವಾಯಿತು. ದೇವಸ್ಥಾನ ಮುಟ್ಟುವಾಗ ಸೂರ್ಯ ನನಗಿಂತ ಮೊದಲೇ ಬಂದು ಪೌಳಿಯಲ್ಲಿ ಕೂತಿದ್ದ, ಮೊಕ್ತೇಸರರ ತಾಯಿಯ ಪಕ್ಕದಲ್ಲಿ. ಆ ದಿನ ಕಡ್ಡಿ ಒಂದೇ ಏಟಿಗೆ ಹೊತ್ತಿತು. ಹೊತ್ತಿ ಏನು ಮಾಡುವುದು, ದೀಪದ ಅಗತ್ಯವೇ ಇಲ್ಲದಷ್ಟು ಬೆಳಕಾಗಿತ್ತು.

ಆ ಸಂಜೆ ಕೂತು ಯೋಜನೆಯನ್ನು ತಿದ್ದಿದೆ. ನಿಂತಲ್ಲಿ ಎಂಜಿನ್ ಚಾಲೂ ಇಟ್ಟರಲ್ಲವೇ ಬ್ಯಾಟರಿ ಇಳಿಯುವುದು? ಇಸಳೂರಿನಿಂದ ಶಿರಸಿಯ ತನಕ ಬಿಸಿ ಹಿಡಿಕೆ ಹಿಡಿದು ಬಂದ ನನ್ನ ಕೈಯೇ ಬೆಚ್ಚಗಿರುತ್ತದಲ್ಲ. ಗಾಡಿ ಆರಿಸಿ, ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡರಾಯಿತು. ಬ್ಯಾಟರಿ ಉಳಿಸುವ ಉದ್ದೇಶ ಬಿಟ್ಟರೆ ಇದರ ಹಿಂದೆ ಬೇರೇನೂ ಇರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಮರುದಿನ ಗೇಟಿನಲ್ಲಿ ಗಾಡಿ ಆರಿಸಿ, ಎರಡೂ ಅಂಗೈ ಮುಂದೆ ಚಾಚಿ, ಕೊಡು ಇಲ್ಲಿ ಕೈ ಎಂದೆ. ಅವಳು ಬೆಂಕಿ ಕಂಡವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ, ಮುಟ್ಟಬ್ಯಾಡ್ರಿ. ನೀವು ಮಡೀಲೆ ಇದ್ದೀರಿ."

ಎಂಥ ಮಡಿ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಮದುವಿ ಆದ ವಾರದಾಗ ನೀವೇ ಹೇಳಿದ್ರಲ್ಲಾ, ಪೂಜಾಕ್ಕ ಹೊಂಟಾಗ ಮುಟ್ಟಬಾರದು ಅಂತ. ನಮ್ಮ ಥೇಟರಿನ್ಯಾಗೂ ಹಂಗೇ ಅದ. ಕೈ ತೊಳಕೊಂಡು ನಿಂತ ಡಾಕ್ಟರನ್ನ ನಾವು ಮುಟ್ಟತೀವೇನ್ರಿ?"

ಆಗ ನೆನಪಾಯಿತು. ಮದುವೆಗೆ ಬಂದ ಸಿದ್ದಾಪುರದ ದೊಡ್ಡಮ್ಮ ಇನ್ನೂ ಮನೆಯಲ್ಲೇ ಇದ್ದರು. ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಗಾಡಿ ಹತ್ತುತ್ತಿದ್ದ ಹೊಸ ಹೆಂಡತಿ ನನ್ನ ಹೆಗಲ ಮೇಲೆ ಕೈಯಿಟ್ಟಳು. ನನ್ನ ಮುಖ ಕೆಂಪಾಯಿತು, ದೊಡ್ಡಮ್ಮನ ಎದುರು ದೊಡ್ಡ ವೈದಿಕನಾಗಿ ಕಾಣುವ ಹುಕಿಯೂ ಬಂತು. "ಆನು ಮಡಿಯಲ್ಲಿ ಇದ್ದಿ, ಮುಟ್ಟಡ" ಅಂದಿದ್ದೆ. ದೊಡ್ಡಮ್ಮ ಮಾರನೆಯ ದಿನ ಬಸ್ಸು ಹತ್ತಿ ಊರಿಗೆ ಹೋದರು. ನಾನು ಆ ಮಾತನ್ನು ಅವತ್ತೇ ಮರೆತೆ. ಅವಳು ಮರೆಯಲಿಲ್ಲ.

ಮಡಿಯಂತೆ! ಹಾಲಿನ ಪ್ಯಾಕೆಟ್ಟು ಕಟ್ಟಿಕೊಂಡು ಹೋದವನ ಮಡಿ. ದೇವಸ್ಥಾನದಲ್ಲಿ ಬಾವಿಯ ನೀರು ಸುರಿದುಕೊಳ್ಳದೆ ನಾನು ಒಳಗೆ ಕಾಲಿಡುವುದೇ ಇಲ್ಲ. ದಾರಿಯಲ್ಲಿ ಯಾರು ಮುಟ್ಟಿದರೆಷ್ಟು, ಬಿಟ್ಟರೆಷ್ಟು. ಆ ಇಲ್ಲದ ಮಡಿಯನ್ನು ಕಾಪಾಡುವುದಕ್ಕೆ ಈ ಹೆಂಗಸು ಮಳೆಗಾಲವಿಡೀ, ಈಗ ಈ ಇಬ್ಬನಿಯಲ್ಲೂ, ಒದ್ದೆ ಕಬ್ಬಿಣ ಹಿಡಿದು ಬಂದಿದ್ದಾಳೆ. ಅವಳ ಅಂಗೈ ನೋಡಿದೆ. ಚೌಕಟ್ಟಿನ ಅಚ್ಚು ಅಡ್ಡಕ್ಕೆ ಕೆಂಪಗೆ ಮೂಡಿತ್ತು, ಬೆರಳ ತುದಿ ಬಿಳಿಚಿತ್ತು. ನನಗೆ ಅಳು ಬಂತು. ಕಾವಲುಗಾರ ನೋಡುತ್ತಿದ್ದನೆಂದು ನುಂಗಿಕೊಂಡೆ.

ಬಾವಿಯ ವಿಷಯ ಹೇಳಿದೆ. ಅಲ್ಲಿ ಇನ್ನೊಂದು ಸ್ನಾನವಿದೆ, ದಾರಿಯ ಮಡಿಗೆ ಅರ್ಥವೇ ಇಲ್ಲ, ದೊಡ್ಡಮ್ಮನ ಎದುರು ಸುಮ್ಮನೆ ಜಂಭ ಕೊಚ್ಚಿದ್ದೆ ಎಂದೆ. "ಖರೇನ್ರಿ?" ಅಂದಳು. ಹೌದೆಂದೆ. ಪಾಳಿಗೆ ಹೊತ್ತಾಯಿತು ಎಂದು ಒಳಗೆ ಹೋದಳು.

ಮರುದಿನದಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಹೋಗಲಿಲ್ಲ. ಪೂಜೆಯ ಚೀಲವನ್ನು ನಡುವಿನಿಂದ ತೆಗೆದು ಟ್ಯಾಂಕಿನ ಮೇಲಿಟ್ಟುಕೊಂಡೆ. ಕೋಟಿನ ಎರಡೂ ಕಿಸೆ ಖಾಲಿ ಮಾಡಿ, ಕೈ ಇಡಲು ಅಲ್ಲಿ ಬೇಕಾದಷ್ಟು ಜಾಗವಿದೆ ಎಂದು ಅವಳ ಕಿವಿಗೆ ಬೀಳುವಂತೆ ಹೇಳಿದೆ. ಅವಳು ಹೂಂ ಅಂದು ಕಬ್ಬಿಣವನ್ನೇ ಹಿಡಿದಳು. ತಿಂಗಳುಗಟ್ಟಲೆ ಪಾಲಿಸಿದ ಕ್ರಮ ಒಂದು ಮಾತಿಗೆ ಬಿಟ್ಟುಹೋಗುವುದಿಲ್ಲವಂತೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದಂತೆ. ಥೇಟರಿನಲ್ಲಿ ಹಾಗೆ ಕಲಿಸಿದ್ದಾರೆ. ಅಥವಾ ನನಗೆ ಇನ್ನಷ್ಟು ದಿನ ಬುದ್ಧಿ ಕಲಿಸಬೇಕೆಂದಿತ್ತೋ ಏನೋ. ತವರೂರಿನ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಅವಳು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. ನಾನು ಗಂಧ ತೇಯುತ್ತ ಕಿವಿ ಅಲ್ಲಿಟ್ಟು, ಏನೂ ಕೇಳಿಸದೆ, ಬೇಕಾದ್ದಕ್ಕಿಂತ ಎರಡು ಪಟ್ಟು ಗಂಧ ತೇಯುತ್ತಿದ್ದೆ.

ಅಷ್ಟರಲ್ಲಿ ಬಿಸಿ ಹ್ಯಾಂಡಲ್ಲಿನ ಕಥೆಯೂ ಮುಗಿಯಿತು. ಒಂದು ಬೆಳಗ್ಗೆ ಹುಲೇಕಲ್ ರಸ್ತೆಯ ತಿರುವಿನಲ್ಲಿ, ಹಳದಿ ಲೈಟಿನಲ್ಲಿ ಎದುರಿಗೆ ನಿಂತ ಎಮ್ಮೆ ಕಾಣದೆ, ಕಂಡ ಮೇಲೆ ಬ್ರೇಕು ಒತ್ತಿ, ಎಮ್ಮೆಯನ್ನು ಉಳಿಸಿ ನಾನು ಗಟಾರಕ್ಕೆ ಇಳಿದೆ. ಎಮ್ಮೆ ಬಗ್ಗಿ ನೋಡಿತು. ಪೆಟ್ಟೇನೂ ಆಗಲಿಲ್ಲ, ಹುಗ್ಗಿಗೆಂದು ತಂದಿದ್ದ ಹೆಸರುಬೇಳೆ ಮಾತ್ರ ಚೆಲ್ಲಿತು. ಗ್ಯಾರೇಜಿನವನು ತಂತಿ ಬಿಚ್ಚಿಟ್ಟ. ಹಿಡಿಕೆಗಳನ್ನೂ ತೆಗೆಯಲೇ ಎಂದು ಕೇಳಿದಾಗ, ಇರಲಿ ಬಿಡು, ನೋಡಲು ಚೆನ್ನಾಗಿದೆ ಎಂದೆ. ಕೈ ಮತ್ತೆ ಮರಗಟ್ಟತೊಡಗಿತು. ಕಡ್ಡಿಗಳು ಮತ್ತೆ ಮುರಿದವು. ಮೊಕ್ತೇಸರರ ತಾಯಿ ಮತ್ತೆ ಹೆಕ್ಕತೊಡಗಿದರು.

ಸಂಕ್ರಾಂತಿ ಬಂತು. ಧನುರ್ಮಾಸದ ಪೂಜೆಗೆ ಅಂದು ಕೊನೆಯ ದಿನ. ಅವಳಿಗೆ ಆಸ್ಪತ್ರೆ ರಜೆ. ಅವಳು ಮಲಗಿರಲಿ ಎಂದು ನಾನು ಸದ್ದಾಗದಂತೆ ಮಿಂದು, ಗಾಡಿಯನ್ನು ಅಂಗಳದಾಚೆ ತಳ್ಳಿಕೊಂಡು ಹೋಗಿ ಶುರು ಮಾಡಬೇಕೆಂದಿದ್ದೆ. ಬಾಗಿಲು ತೆಗೆದರೆ ಅವಳು ಗಾಡಿಯ ಹತ್ತಿರ ನಿಂತಿದ್ದಾಳೆ. ತಲೆಗೆ ಮಿಂದು ಸೀರೆ ಉಟ್ಟಿದ್ದಾಳೆ, ಮೇಲೊಂದು ಸ್ವೆಟರು. ನಾನು ಹತ್ತಿದೆ. ಅವಳೂ ಹತ್ತಿದಳು. ಬಡಾವಣೆಯ ತಿರುವು ದಾಟಿ ದೊಡ್ಡ ರಸ್ತೆಗೆ ಬರುವಾಗ ನನ್ನ ಕೋಟಿನ ಎಡ ಕಿಸೆಗೆ ಒಂದು ಕೈ ಬಂತು. ಸ್ವಲ್ಪ ಹೊತ್ತಿಗೆ ಬಲ ಕಿಸೆಗೆ ಇನ್ನೊಂದು. ಮಂಜುಗಡ್ಡೆಯಷ್ಟು ತಣ್ಣಗಿದ್ದವು. ಕೋಟು, ಅಂಗಿ, ಬನಿಯನ್ನು, ಎಲ್ಲ ದಾಟಿ ಹೊಟ್ಟೆಗೆ ತಣ್ಣಗೆ ತಾಗಿತು. ಗಾಡಿ ಅಲುಗಾಡಿತು.

ಇವತ್ತು ರಜೆಯಲ್ಲವೇ, ಎಲ್ಲಿಗೆ ಹೊರಟದ್ದು ಎಂದು ಕೇಳಿದೆ.

"ಎಲ್ಲಿಗಿಲ್ರಿ. ಥಂಡಿ ಭಾಳ ಅದ, ಕೈ ಇಡ್ಲಿಕ್ಕೆ ಜಾಗಾ ಬೇಕಲ್ಲಾ," ಅಂದಳು. ಸ್ವಲ್ಪ ದೂರ ಹೋದ ಮೇಲೆ, ಊರಿನ ಆಸ್ಪತ್ರೆಗೆ ಬರುವುದಿಲ್ಲವೆಂದು ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದಾಗಿ, ಕಿಸೆಯ ಮೂಲೆಯಲ್ಲಿ ಇನ್ನೂ ಅಕ್ಷತೆಯ ಕಾಳುಗಳಿರುವುದಾಗಿ, ಎರಡನ್ನೂ ಒಂದೇ ಧಾಟಿಯಲ್ಲಿ ತಿಳಿಸಿದಳು. ನಾನು ಗಾಡಿಯ ವೇಗ ಇಳಿಸಿದೆ. ಹುಲೇಕಲ್ ಅಷ್ಟು ಬೇಗ ಬರುವುದು ಬೇಡವಾಗಿತ್ತು.

ದೇವಸ್ಥಾನದಲ್ಲಿ ಬಾವಿಯ ನೀರು ಸುರಿದುಕೊಂಡು ಬಂದೆ. ಮಾಮೂಲಿನಂತೆ ಮೊದಲ ಕಡ್ಡಿ ಮುರಿಯಿತು, ಎರಡನೆಯದೂ ಮುರಿಯಿತು. ಅವಳು ಮೆಟ್ಟಿಲ ಕೆಳಗಿಂದ ನೋಡುತ್ತಿದ್ದಳು. ಬಂದು, ನೆಲದ ಮೇಲಿದ್ದ ಪೊಟ್ಟಣ ತೆಗೆದುಕೊಂಡು, ಒಂದೇ ಸಲಕ್ಕೆ ಕಡ್ಡಿ ಗೀರಿ, ಹೊಸಿಲ ಹೊರಗಿಟ್ಟಿದ್ದ ಕೈದೀಪ ಹಚ್ಚಿದಳು. ಹಚ್ಚಿ, ನನ್ನ ಕೈಗೆ ತಾಗದ ಹಾಗೆ ನೆಲದ ಮೇಲೆಯೇ ನನ್ನ ಕಡೆಗೆ ಸರಿಸಿದಳು. ಇಲ್ಲಿಯ ಮಡಿ ನಿಜವಾದ ಮಡಿ ಎಂದು ಅವಳಿಗೆ ಗೊತ್ತಿತ್ತು.

ಮೊಕ್ತೇಸರರ ತಾಯಿ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿದರು.

"ಕೂಸೆ, ನಿಂಗೆ ಚಳಿ ಇಲ್ಯನೇ?"

"ಇಲ್ರಿ ಅಜ್ಜಿ," ಅಂದಳು ನನ್ನ ಹೆಂಡತಿ. "ದಾರಿ ತುಂಬಾ ಕೈ ಬೆಚ್ಚಗಿದ್ವು."

ಅಜ್ಜಿ ನನ್ನ ಕಡೆ ಒಮ್ಮೆ ನೋಡಿ, ಮುರಿದ ಕಡ್ಡಿ ಹೆಕ್ಕತೊಡಗಿದರು. ನಾನು ಮರಗಟ್ಟಿದ ಕೈಗಳಲ್ಲಿ ಆ ದೀಪವನ್ನೆತ್ತಿಕೊಂಡು ಒಳಗೆ ಹೋದೆ.